ಈಜಿಪ್ತಿನ ರಾಜಕುಮಾರಿಗೆ ನಮ್ಮತ್ತೆ ಅತ್ತದ್ದು

ಹೆಣದ ಮುಂದೆ ನಿಂತು ಮದುವೆ ಕುದುರಿಸಿದ ಗಂಡಸನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿರಲಾರಿರಿ. ಬಳ್ಳಾರಿಯ ಟಾಕೀಸುಗಳಲ್ಲಿ ನೆಲದ ಟಿಕೀಟಿಗೆ ಕೂತು ನಾನು ಕಂಡ ಹೀರೋಗಳ ಪೈಕಿ ಒಬ್ಬನೂ ಆ ಕೆಲಸ ಮಾಡಿಲ್ಲ. ನಾನು ಮಾಡಿದ್ದೇನೆ. ಹೆಸರು ಗವಿಸಿದ್ದ, ಊರು ಕುರುಗೋಡು. ಎಪ್ಪತ್ತಾರರ ದೀಪಾವಳಿಗೆ ಮುಂಚೆ, ಹೈದರಾಬಾದಿನ ಪಬ್ಲಿಕ್ ಗಾರ್ಡನ್ನಿನಲ್ಲಿ. ಫೈಟಿಂಗ್ ಇಲ್ಲ, ಹಾಡು ಒಂದು, ಕಣ್ಣೀರು ಬೇಕಾದಷ್ಟು.

ಮದುವೆ ನನ್ನದಲ್ಲ. ನನ್ನ ಸೋದರತ್ತೆ ಚನ್ನವೀರಮ್ಮನ ಮಗಳು ಜಂಬಮ್ಮನದು. ಹುಡುಗ ತಿಪ್ಪೇರುದ್ರಪ್ಪ ಹೈದರಾಬಾದಿನಲ್ಲಿ ಗುಮಾಸ್ತ. ಅವನ ಫೋಟೋವನ್ನು ಟ್ರಂಕಿನ ಸೀರೆಗಳ ನಡುವೆ ಇಟ್ಟುಕೊಂಡು ಜಂಬಮ್ಮ ದಿನಾ ಮಡಚಿದ ಸೀರೆಯನ್ನೇ ಮತ್ತೆ ಮಡಚುತ್ತಿದ್ದಳು. ಹುಡುಗನ ತಾಯಿ ಕೊಟ್ರಬಸಮ್ಮ ಸಿರುಗುಪ್ಪದ ಹತ್ತಿರ ರಾರಾವಿಯ ಹೆಣ್ಣುಮಗಳು. ಮದುವೆಯಾಗಿ ಆ ಪಟ್ಟಣ ಸೇರಿದವರು ಅಲ್ಲೇ ಉಳಿದಿದ್ದರು. ಮನೆಗೆ ಬಂದು ಉಪ್ಪಿಟ್ಟು ತಿಂದು ಆಮೇಲೆ ಬೇಡ ಅನ್ನುವುದು ಇಬ್ಬರಿಗೂ ಕಷ್ಟ, ಗಾರ್ಡನ್ನಿನಲ್ಲೇ ಹುಡುಗಿಯನ್ನು ನೋಡೋಣ ಎಂದು ಅವರೇ ಹೇಳಿ ಕಳಿಸಿದ್ದರು.

ಅತ್ತೆಯ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ನಮ್ಮಪ್ಪನಿಗೆ ಶೇಂಗಾ ಸುಗ್ಗಿ. ಹೀಗಾಗಿ ಗಂಡು ದಿಕ್ಕು ಅಂತ ನನ್ನನ್ನು ಕಳಿಸಿದರು. ಈ ಸಂಬಂಧ ಕೂಡದಿದ್ದರೆ ಏನು ಎಂಬುದಕ್ಕೂ ಅಪ್ಪ ಆಗಲೇ ದಾರಿ ಹುಡುಕಿ ಇಟ್ಟಿದ್ದ.

"ಕೂಡಲಿಲ್ಲಂದ್ರ ಏನಾತು? ನಮ್ಮ ಗವಿಸಿದ್ದ ಅದಾನಲ್ಲ."

ಅಂದರೆ ನಾನು ಲಾರಿಯ ಹಿಂದೆ ಕಟ್ಟಿದ ಸ್ಟೆಪ್ನಿ.

ಜಂಬಮ್ಮನಿಗಿದ್ದ ದಿಗಿಲು ಅವಳ ಅವ್ವನ ಗಂಟಲಿನದು. ಕುರುಗೋಡಿನ ಸುತ್ತ ಯಾರು ಸತ್ತರೂ ಹಾಡಿ ಅಳಲು ನಮ್ಮತ್ತೆಯೇ ಬೇಕು. ಸತ್ತವರು ಸಾಕಿದ ಎಮ್ಮೆ, ನೆಟ್ಟ ಬೇವಿನ ಮರ, ಬೈಯುತ್ತಿದ್ದ ಬೈಗುಳ, ಎಲ್ಲವನ್ನೂ ಹಾಡಿನಲ್ಲಿ ಕಟ್ಟಿ ಅವಳು ಅಳತೊಡಗಿದರೆ, ಸತ್ತವನ ಜೊತೆ ಮಾತು ಬಿಟ್ಟವನೂ ಮೂಗು ಒರೆಸಿಕೊಳ್ಳುತ್ತಿದ್ದ. ಪಟ್ಟಣದ ಬೀಗರು ಇದನ್ನು ಕಂಡರೆ ಹಳ್ಳಿಮಂದಿ ಅಂದಾರು ಎಂದು ಜಂಬಮ್ಮ ರೈಲು ಗುಂತಕಲ್ಲು ದಾಟುವ ತನಕ ಬುದ್ಧಿ ಹೇಳಿದಳು.

"ಯವ್ವಾ, ಅವರ ಮುಂದ ಹಾಡಾಕ ಹೋಗಬ್ಯಾಡ."

"ಯಾರೂ ಸಾಯದ ನಾ ಯಾಕ ಹಾಡ್ಲಿ? ತ್ವಾಟ ನೋಡಾಕ ಹೊಂಟೀವಿ."

"ಗವಿಸಿದ್ದ, ನೀನೂ ಅಷ್ಟ. ನಿನ್ನ ಸಿನಿಮಾ ಡೈಲಾಗು ಚೀಲದಾಗ ಹಾಕಿ ಗಂಟು ಕಟ್ಟು."

"ಅಪ್ಪಣೆ ಮಹಾರಾಣಿ" ಅಂದೆ.

ಗಾರ್ಡನ್ ಅಂದರೆ ಅದು ಗಾರ್ಡನ್. ನಿಜಾಮರ ಕಾಲದ ಮರಗಳು, ನಡುವೆ ಕೊಳ, ಬಿಳಿ ಬಿಳಿ ಕಟ್ಟಡಗಳು, ಕಣ್ಣು ಹೋದಷ್ಟು ದೂರ ಹಸಿರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡಿದಳು.

"ಇಷ್ಟು ಹುಲ್ಲೈತಿ, ಒಂದು ಎಮ್ಮಿ ಇಲ್ಲಲ್ಲೋ."

ಕೊಟ್ರಬಸಮ್ಮ ಇಸ್ತ್ರಿ ಸೀರೆ, ಕನ್ನಡಕ ಹಾಕಿಕೊಂಡು ಮಗನ ಜೊತೆ ಬಂದರು. ಎಲ್ಲರೂ ಕಲ್ಲುಬೆಂಚಿನ ಮೇಲೆ ದವಾಖಾನೆಯಲ್ಲಿ ಪಾಳಿ ಕಾಯುವವರ ಹಾಗೆ ಕೂತೆವು. "ಪ್ರಯಾಣ ಸುಖ ಆಯ್ತೇ?" ಎಂದು ಅವರು ಕೇಳಿದರು. "ಆತ್ರಿ" ಎಂದಳು ಅತ್ತೆ. ಮಾತು ಮುಗಿಯಿತು. ಜಂಬಮ್ಮ ಸೆರಗಿನ ತುದಿ ನೋಡುತ್ತಿದ್ದಳು, ತಿಪ್ಪೇರುದ್ರಪ್ಪ ಗುಲಾಬಿ ಗಿಡ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಕೊಟ್ರಬಸಮ್ಮ ಕೈಗಡಿಯಾರದ ಕಡೆ ಕಣ್ಣು ಹಾಕಿದರು.

ಸಂಬಂಧ ತಣ್ಣಗಾಗುತ್ತಿತ್ತು. ಆಗ ನಿಮ್ಮ ಗವಿಸಿದ್ದ ಎದ್ದ. "ಬರ್ರಿ, ಮ್ಯೂಸಿಯಂ ನೋಡೂಣು" ಎಂದು ಎಲ್ಲರನ್ನೂ ಒಳಗೆ ಕರೆದೊಯ್ದ.

ಕಲ್ಲಿನ ದೇವರು, ತುಕ್ಕು ಹಿಡಿದ ಕತ್ತಿ ದಾಟಿ ಗಾಜಿನ ಪೆಟ್ಟಿಗೆಯ ಮುಂದೆ ಬಂದೆವು. ಒಳಗೆ ಬಟ್ಟೆ ಸುತ್ತಿದ, ಸಣ್ಣ ಮೈಯ ಒಂದು ಹೆಣ.

"ಯಾರಲೇ ಇದು?" ಅತ್ತೆಯ ದನಿ ಇಳಿಯಿತು.

"ರಾಜಕುಮಾರಿಯಂತತ್ತಿ. ಈಜಿಪ್ತ್ ದೇಶದಾಕಿ. ಸತ್ತು ಸಾವಿರಾರು ವರ್ಷ ಆತು."

"ಇನ್ನೂ ಮಣ್ಣು ಮಾಡಿಲ್ಲೇನು?"

"ಇಲ್ಲ."

"ಆಕೀ ತವರು ಮಂದಿ?"

"ಯಾರೂ ಬಂದಿಲ್ಲ. ಆಕೀ ಸಲುವಾಗಿ ಒಬ್ಬರೂ ಅತ್ತಿಲ್ಲತ್ತಿ."

ಕೊನೆಯ ಮಾತು ನನ್ನ ಸ್ವಂತದ್ದು. ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಜಂಬಮ್ಮ "ಯವ್ವಾ, ಬ್ಯಾಡ" ಎಂದು ತೋಳು ಹಿಡಿಯುವಷ್ಟರಲ್ಲಿ ಅವಳು ನೆಲಕ್ಕೆ ಕೂತಾಗಿತ್ತು.

"ಯಾವೂರ ಮಗಳವ್ವಾ, ಯಾರ ಮಡಿಲು ಬಿಟ್ಟು ಬಂದೀ,
ಗಾಜಿನ ಮನಿಯಾಗ ಒಬ್ಬಾಕೀ ಮಲಗೀದೆವ್ವಾ,
ನೀ ಹಸದೀಯೇನಂತ ಕೇಳೋರಿಲ್ಲಲ್ಲವ್ವಾ…"

ಶಾಲೆಯ ಮಕ್ಕಳು ಕತ್ತಿ ನೋಡುವುದು ಬಿಟ್ಟು ಓಡಿ ಬಂದರು. ಪಹರೆಯವನೂ ಬಂದ. ನನಗೆ ಬರುವ ತೆಲುಗು ಪೂರಾ ಪೌರಾಣಿಕ ಸಿನಿಮಾದ್ದು, ಅದರಲ್ಲೇ ತಡೆದೆ. "ಓ ದ್ವಾರಪಾಲಕಾ, ಆಗುಮು."

"ಕೌನ್ಸಿ ಡ್ರಾಮಾ ಕಂಪನಿ ರೇ?" ಎಂದ ಅವನು. ಆಮೇಲೆ ಅತ್ತೆಯ ಕಡೆ ತಿರುಗಿ, ಈ ಹೆಣ ನಿಮಗೇನಾಗಬೇಕು ಎಂದು ಉರ್ದುವಿನಲ್ಲಿ ಕೇಳಿದ. ನಮ್ಮ ಪಕ್ಕದ ಮನೆಯ ರಹೀಮಾಬೀಯ ಹತ್ತಿರ ಉರ್ದು ಕಲಿತಿದ್ದ ಜಂಬಮ್ಮ ಅಳುಮೋರೆಯಲ್ಲೇ "ಪರದೇಸಿ ಹೈ ಚಾಚಾ, ಉಸ್ಕಾ ಕೋಯಿ ನಹೀಂ" ಅಂದಳು. ಅವಳಿಗೆ ಯಾರೂ ಇಲ್ಲ ಅಂದದ್ದೇ ತಡ, ಪಹರೆಯವನು ಟೋಪಿ ತೆಗೆದು ಪಕ್ಕಕ್ಕೆ ನಿಂತ.

ನಾನು ಕೊಟ್ರಬಸಮ್ಮನವರ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಮಗನ ಕೈಗೆ ಕೊಟ್ಟರು. ಇಸ್ತ್ರಿ ಸೀರೆಯ ಪರಿವೆಯಿಲ್ಲದೆ ನೆಲಕ್ಕೆ ಕೂತು, ಅತ್ತೆಯ ಕೊರಳಿಗೆ ಕೈ ಹಾಕಿ, ಮುಂದಿನ ಸಾಲು ಎತ್ತಿಕೊಂಡರು.

"ತವರು ದೂರ ಆದಾಕೀ ದನಿ ಯಾರಿಗೆ ಕೇಳೀತೆವ್ವಾ,
ಹೊಳಿ ದಾಟಿ ಬಂದಾಕೀನ ಊರು ಮರತೀತೆವ್ವಾ…"

ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿದು, ಇಬ್ಬರೂ ಮನಸಾರೆ ಅತ್ತರು. ಮುಗಿದ ಮೇಲೆ ಕೊಟ್ರಬಸಮ್ಮ ಮೂಗು ಒರೆಸಿಕೊಂಡು ನಕ್ಕರು. ಅವರ ಬಾಯಿಂದ ಪಟ್ಟಣದ ಕನ್ನಡ ಇಳಿದುಹೋಗಿತ್ತು.

"ನಮ್ಮವ್ವ ಸತ್ತಾಗ ನಾ ಹೋಗಿ ಮುಟ್ಟೂದ್ರಾಗ ಎಲ್ಲಾ ಮುಗದಿತ್ತು ಯಕ್ಕಾ. ಅಳಾಕ ಜೊತಿ ಸಿಕ್ಕಿರಲಿಲ್ಲ. ನಡೀ, ಮೊದಲು ನೀರು ಹಾಕ್ಕೊಳ್ಳೂಣು. ಆಮ್ಯಾಲ ಒಳ್ಳೇ ಮಾತು."

ನಮ್ಮಲ್ಲಿ ಸೂತಕವಿಲ್ಲ ಎಂದು ಸ್ವಾಮಿಗಳು ಎಷ್ಟು ಹೇಳಿದರೂ, ಮಣ್ಣಿಗೆ ಹೋಗಿ ಬಂದವರನ್ನು ನೀರು ಮುಟ್ಟಿಸದೆ ಒಳಗೆ ಬಿಡುವ ಮನೆ ನಾನು ಕಂಡಿಲ್ಲ. ಮಾಲಿಯ ನಲ್ಲಿಯ ಹತ್ತಿರ ಎಲ್ಲರೂ ಕಾಲು ತೊಳೆದೆವು. ತಿಪ್ಪೇರುದ್ರಪ್ಪ ನಲ್ಲಿಗೆ ಬೆರಳು ಅಡ್ಡ ಹಿಡಿಯಲು ಹೋಗಿ ತನ್ನ ಅಂಗಿಯನ್ನೇ ತೋಯಿಸಿಕೊಂಡ. ಜಂಬಮ್ಮ ಕಿಸಕ್ಕನೆ ನಕ್ಕಳು. ಅವನು ಇನ್ನೊಂದು ಸಲ ತೋಯಿಸಿಕೊಂಡ, ಈ ಸಲ ಬೇಕೆಂದೇ.

"ನಮಗ ಒಪ್ಪಿಗಿ ಐತಿ" ಎಂದರು ಕೊಟ್ರಬಸಮ್ಮ. ಆಮೇಲೆ ನನ್ನ ಕಡೆ ತಿರುಗಿದರು. "ಹುಡುಗಿ ಕಡಿ ಗಂಡಸು ನೀನ ಅದೀಯಪ್ಪ. ನೀ ಏನಂತಿ?"

ನಾನು ಎದೆಯುಬ್ಬಿಸಿ, ಒಂದು ಹೆಜ್ಜೆ ಮುಂದಿಟ್ಟು, "ಇಂದಿನಿಂದ ಈ ಎರಡು ಮನೆತನ ಒಂದು" ಎಂದು ಡೈಲಾಗ್ ಹೊಡೆದೆ. ಕುರುಗೋಡಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಹಾಗೆಂದೇ ಹೇಳುತ್ತಾರೆ. ಅವರಿಗೆಲ್ಲ ಹೇಳಿದವನು ನಾನೇ.

ನಡೆದದ್ದು ಬೇರೆ. ಶುಭಕಾರ್ಯದ ಸಮಯದಲ್ಲಿ ಹೆಣದ ಹಾಡು ಕೇಳಿದರೆ ಬೀಗರು ಅಪಶಕುನವೆಂದು ಎದ್ದು ಹೋಗುತ್ತಾರೆ ಅಂದುಕೊಂಡೇ ನಾನು ಅತ್ತೆಯನ್ನು ಅಳಲು ಹಚ್ಚಿದ್ದು. ಸಂಬಂಧ ಮುರಿದರೆ ಜಂಬಮ್ಮ ನನ್ನವಳು. ಹಾಗೂ ಬೀಗರು ಎದ್ದು ಹೋಗದೆ ನನ್ನ ಒಪ್ಪಿಗೆ ಕೇಳಿದರೆ ಹೇಳಲೆಂದು "ಈ ಮದುವೆ ನಡೆಯಕೂಡದು" ಎಂಬ ಮಾತನ್ನು ಮನೆಯ ಕನ್ನಡಿಯ ಮುಂದೆ ಹುಬ್ಬು ಎತ್ತಿ, ಇಳಿಸಿ, ಚೆನ್ನಾಗಿ ತಯಾರು ಮಾಡಿಕೊಂಡು ಬಂದಿದ್ದೆ. ಆದರೆ ಆ ಹೊತ್ತಿನಲ್ಲಿ ಜಂಬಮ್ಮ ಅವನ ತೊಯ್ದ ಅಂಗಿಯನ್ನೇ ನೋಡುತ್ತಿದ್ದಳು. ಅವಳು ಅಷ್ಟು ಚೆಂದ ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಎಲ್ಲಾರಿಗೂ ಚಾ ತರ್ಲೇನ್ರಿ?"