ಹಾಜರ್ ಟೀಚರ್

ನನ್ನ ಬಾಯಿ ಜೋರು. ಜೆಪ್ಪುವಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಬರ್ನಡೆಟ್ ಮೇಡಂ ಪಾಠ ಮಾಡಿದರೆ ರಸ್ತೆಗೆ ಕೇಳುತ್ತದೆ ಅಂತ. ಇಪ್ಪತ್ತಾರು ವರ್ಷ ಕನ್ನಡ ಕಲಿಸಿದ ಗಂಟಲು ಇದು. ಆದರೆ ನನ್ನ ಗಂಡ ಲ್ಯಾನ್ಸಿಯ ಸ್ವರದ ಮುಂದೆ ನನ್ನದು ಏನೂ ಅಲ್ಲ. ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡಿ ಮಾಡಿ ಅವನ ಕಿವಿ ಅರ್ಧ ಹೋಗಿತ್ತು. ಉಪ್ಪು ಬೇಕೆಂದರೂ ಆಚೆ ಮನೆಯವರು ಉಪ್ಪು ತಂದುಕೊಡುವಷ್ಟು ಜೋರಾಗಿ ಕೇಳುತ್ತಿದ್ದ.

ಲಾಕ್‌ಡೌನ್‌ನಲ್ಲಿ ಕಾಲೇಜು ನಮ್ಮ ಊಟದ ಮೇಜಿಗೆ ಬಂತು. ಕಾಲೇಜು ಅನ್ನಬಾರದು, ಅಷ್ಟರಲ್ಲಿ ಅದು ಯೂನಿವರ್ಸಿಟಿಯಾಗಿ ಸಿಟಿ ಬಸ್ಸುಗಳ ಹಿಂದೆ ಜಾಹೀರಾತಾಗಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪ್, ಎಡಕ್ಕೆ ಅಡುಗೆಮನೆಯ ಬಾಗಿಲು, ಅದರೊಳಗೆ ಮೆಟ್ಟುಕತ್ತಿಯ ಮುಂದೆ ಕೂತು ಬಂಗುಡೆ ಮೀನು ಹೆಚ್ಚುವ ಲ್ಯಾನ್ಸಿ. ಪಾಠವನ್ನೆಲ್ಲ ರೆಕಾರ್ಡ್ ಮಾಡಬೇಕು, ರೆಕಾರ್ಡಿಂಗ್ ಸಂಸ್ಥೆಯ ಸ್ವತ್ತು ಎಂದು ಒಂದು ಕಾಗದ ಬಂತು. ಅರ್ಧ ಸಂಬಳದ ಕಾಲ. ಯಾರೂ ಓದಲಿಲ್ಲ, ಎಲ್ಲರೂ ಸಹಿ ಹಾಕಿದೆವು.

ನನಗೊಂದು ಅಭ್ಯಾಸ, ಹಾಜರಿ ಕೂಗದೆ ಪಾಠ ಶುರು ಮಾಡುವುದಿಲ್ಲ. ಲಾಗಿನ್ ಆದವರ ಲೆಕ್ಕ ಕಂಪ್ಯೂಟರೇ ಇಡುತ್ತದೆ ಮೇಡಂ, ಕೂಗುವುದು ಬೇಡ ಎಂದರು. ಬೇಡವಂತೆ! ಹೆಸರು ಹಿಡಿದು ಕರೆಯದೆ ಪಾಠ ಮಾಡುವುದೆಂದರೆ ನನಗೆ ಕೈ ತೊಳೆಯದೆ ಊಟಕ್ಕೆ ಕೂತ ಹಾಗೆ. ಕೂಗಿದೆ. ಅತ್ತ ಕಡೆ ಎಲ್ಲರೂ ಮ್ಯೂಟ್. ಒಂದು ದಿನ ರೋಲ್ ನಂಬರ್ ಹನ್ನೊಂದು, ಶಾಹುಲ್, ಎಂದು ಮೂರು ಸಲ ಕರೆದೆ. ಉತ್ತರವಿಲ್ಲ. ಆಗ ಅಡುಗೆಮನೆಯಿಂದ ಬಂತು:

"ಹಾಜರ್ ಟೀಚರ್!"

ಮಕ್ಕಳೆಲ್ಲ ಮ್ಯೂಟ್ ತೆಗೆದು ನಗಾಡಿದರು. ಅಷ್ಟು ದಿನದಲ್ಲಿ ಮೊದಲ ಸಲ ನನಗೆ ಅವರ ಸ್ವರ ಕೇಳಿದ್ದು. ಅದೇ ಸಾಕಾಯಿತು ಈ ಮಹಾಶಯನಿಗೆ. ಅಲ್ಲಿಂದ ಮುಂದೆ ಯಾರು ಉತ್ತರ ಕೊಡದಿದ್ದರೂ ಇವನದೇ ಹಾಜರ್. ಆ ಮೊದಲ ದಿನದಿಂದಲೇ ನಾನು ಎಡಕ್ಕೆ ತಿರುಗಿ ಕೊಂಕಣಿಯಲ್ಲಿ "ವೊಗೊ ರಾವ್!" ಎಂದು ಗದರುತ್ತಿದ್ದೆ. ಸುಮ್ಮನಿರು ಅಂತ. ಸುಮ್ಮನಿರುವ ಜನವೇ ಅದು?

"ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು," ಎನ್ನುತ್ತಿದ್ದ. "ಈಗ ಮನೆಯಲ್ಲೇ ಕಾಲೇಜುಂಟು. ನನ್ನ ಹೆಸರೂ ಬರಿ ಮಾರಾಯ್ತಿ."

ಬರೆಯಲಿಲ್ಲ. ನನಗೆ ಮರ್ಯಾದೆ ಪ್ರಶ್ನೆ. ಒಂದು ಸಂಜೆ ಸಿಟ್ಟು ನೆತ್ತಿಗೇರಿ ಸಂಸ್ಥೆಗೆ ಮೇಲ್ ಮಾಡಿದೆ: ನನ್ನ ಎಲ್ಲ ರೆಕಾರ್ಡಿಂಗ್‌ಗಳಿಂದ ಮನೆಯ ಗಲಾಟೆಯನ್ನು ದಯವಿಟ್ಟು ತೆಗೆಯಿರಿ. ಅವರು ಉತ್ತರಿಸಲಿಲ್ಲ, ನಾನೂ ಮರೆತೆ.

ಎರಡನೇ ಅಲೆಯಲ್ಲಿ, ಮೇ ತಿಂಗಳಲ್ಲಿ, ಲ್ಯಾನ್ಸಿ ಹೋದ. ಒಂಬತ್ತೇ ದಿನ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರು, ಮುಖ ತೋರಿಸಲಿಲ್ಲ. ನಮಗೆ ಮಕ್ಕಳಿಲ್ಲ. ಅವನದು ಬಟನ್ ಫೋನ್, ಅದರಲ್ಲಿ ಒಂದು ವಾಯ್ಸ್ ಮೆಸೇಜೂ ಇಲ್ಲ. ಮದುವೆಯ ಕ್ಯಾಸೆಟ್ ಇತ್ತು, ಅದರಲ್ಲಿ ಪೂರ್ತಿ ಬ್ಯಾಂಡಿನವರದೇ ಸದ್ದು. ಅವನ ಸ್ವರ ಈ ಭೂಮಿಯ ಮೇಲೆ ಉಳಿದದ್ದು ಒಂದೇ ಕಡೆ, ನನ್ನ ಪಾಠಗಳಲ್ಲಿ. ಅವನು ಹೋದ ಮೇಲೆ ಯೂನಿವರ್ಸಿಟಿಯ ಪೋರ್ಟಲ್ ತೆರೆದು ನನ್ನದೇ ಪಾಠಕ್ಕೆ ಕೂರುತ್ತಿದ್ದೆ. ಪಾಠ ಯಾರಿಗೆ ಬೇಕಿತ್ತು? ಹಾಜರಿ ಮುಗಿದ ಕೂಡಲೇ ಮುಚ್ಚುತ್ತಿದ್ದೆ. ಕೊನೆಯದಾಗಿ ಕೇಳಿದ್ದು ಅವನ ಎರಡನೇ ವರ್ಷದ ಪೂಜೆಯ ದಿನ, ಇಗರ್ಜಿಯಿಂದ ಬಂದು.

ಅದಾಗಿ ಒಂದು ತಿಂಗಳಿಗೆ ಕಾಗದ ಬಂತು. ಕನ್ನಡ ವಿಭಾಗ ಮುಚ್ಚುತ್ತಿದ್ದೇವೆ, ನಿಮ್ಮ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ. ಅವತ್ತೇ ನನ್ನ ಲಾಗಿನ್ ಬಂದ್. ಕೆಲಸ ಹೋದದ್ದಕ್ಕೆ ನಾನು ಅತ್ತಿಲ್ಲ. ಲಾಗಿನ್ ಹೋದದ್ದಕ್ಕೆ ಅತ್ತೆ. ಮರುದಿನ ಬೆಳಿಗ್ಗೆಯೇ ಹೋಗಿ ರೂಬನ್ನನ ಮುಂದೆ ಕೂತೆ. ಅವನು ಅಲ್ಲಿ ಕೋರ್ಸುಗಳ ಮುಖ್ಯಸ್ಥ, ಹಿಂದೆ ಮೊಬೈಲ್ ಕಂಪನಿಯಲ್ಲಿ ಸಿಮ್ ಮಾರಾಟ ನೋಡಿಕೊಳ್ಳುತ್ತಿದ್ದವನು.

"ಎಂಟು ಮಕ್ಕಳಿಗೋಸ್ಕರ ಒಂದು ಡಿಪಾರ್ಟ್‌ಮೆಂಟ್ ನಡೆಸ್ಲಿಕ್ಕೆ ಆಗ್ತದಾ ಮೇಡಂ?" ಎಂದ. "ಕೋವಿಡ್‌ನಲ್ಲಿ ಗೊತ್ತಾಯ್ತಲ್ಲ, ರೆಕಾರ್ಡಿಂಗ್ ಇದ್ರೆ ಸಾಕು. ನಿಮ್ಮದು ಸೂಪರ್ ಉಂಟು. ಆ್ಯಪ್‌ನಲ್ಲಿ ಮಾರ್ಲಿಕ್ಕೆ ಹಾಕಿದ್ದೇವೆ."

"ಹಾಗಾದ್ರೆ ಮೀನು ಬೇಡ, ಸಾರು ಮಾತ್ರ ಬೇಕು ನಿಮಗೆ," ಎಂದೆ. "ಇರ್ಲಿ. ನನಗೆ ಒಂದು ಕಾಪಿ ಕೊಡಿ."

"ಅದು ರೂಲ್ಸ್‌ನಲ್ಲಿ ಇಲ್ಲ. ನೋಡ್ಬೇಕಾದ್ರೆ ಸ್ಟುಡಿಯೋಗೆ ಹೋಗಿ."

ಸ್ಟುಡಿಯೋದಲ್ಲಿ ಕೂತಿದ್ದವನು ಶಾಹುಲ್. ಅದೇ ರೋಲ್ ನಂಬರ್ ಹನ್ನೊಂದು, ಬಂದರಿನ ಒಣಮೀನು ವ್ಯಾಪಾರಿ ನೂರ್ ಮುಹಮ್ಮದರ ಮಗ. ಡಿಗ್ರಿ ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದ್ದ. ನನ್ನನ್ನು ಕಂಡದ್ದೇ ಎದ್ದು ಕುರ್ಚಿ ಕೊಟ್ಟ. ವಿಷಯ ಹೇಳಿದೆ. ಹೇಳುತ್ತಿದ್ದ ಹಾಗೆ ಅವನ ಮುಖ ಬಾಡಿತು.

"ಮೇಡಂ, ಅದರಲ್ಲಿ ಈಗ ನಿಮ್ಮ ಸ್ವರ ಮಾತ್ರ ಇರುದು."

"ಎಂತ?"

ಅವನು ಪರದೆಯಲ್ಲಿ ನನ್ನ ಮೇಲ್ ತೋರಿಸಿದ. ಕೆಳಗೆ ನನ್ನದೇ ಹೆಸರು. "ಇದು ಪೆಂಡಿಂಗ್ ಇತ್ತು. ಮಾರ್ಲಿಕ್ಕೆ ಹಾಕುವ ಮೊದಲು ಹಳೆ ಕಂಪ್ಲೇಂಟ್ ಎಲ್ಲ ಕ್ಲಿಯರ್ ಮಾಡಿ ಅಂದ್ರು. ಕಳೆದ ತಿಂಗಳು ನಾನೇ ಸಾಫ್ಟ್‌ವೇರ್‌ಗೆ ಹಾಕಿದ್ದು. ಅದೇ ತೆಗೀತದೆ ಮೇಡಂ, ನಾನು ಕೂತು ಕೇಳ್ಲಿಲ್ಲ."

"ಹಳೆಯದ್ದು?"

"ಜಾಗ ಸಾಲುದಿಲ್ಲ ಅಂತ ಡಿಲೀಟ್ ಮಾಡಿಸಿದ್ರು." ಅವನ ಕಣ್ಣು ತುಂಬಿತ್ತು. "ಆಗ ನಾನು ಅಪ್ಪನ ಗೋಡೌನ್‌ನಲ್ಲಿ ಇರ್ತಿದ್ದೆ, ಅಲ್ಲಿ ನೆಟ್‌ವರ್ಕ್ ಸಿಗ್ತಿರ್ಲಿಲ್ಲ ಮೇಡಂ. ಅಂಕಲ್ ನನ್ನ ಹಾಜರಿ ಹೇಳಿದ್ದು ಫ್ರೆಂಡ್ಸ್ ಹೇಳಿ ಗೊತ್ತು. ನಾನು ಒಂದು ಸಲವೂ ಕೇಳ್ಲಿಲ್ಲ."

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಲಿ? ಸಾವಿರ ಅರ್ಜಿ ಕೊಟ್ಟರೂ ಒಂದಕ್ಕೂ ಉತ್ತರ ಕೊಡದ ಸಂಸ್ಥೆ, ನನ್ನ ಈ ಒಂದು ಮಾತನ್ನು ಮಾತ್ರ ಅಕ್ಷರಕ್ಕೆ ಅಕ್ಷರ ನಡೆಸಿಕೊಟ್ಟಿತ್ತು. ದಯವಿಟ್ಟು ಎಂದು ಬೇರೆ ಬರೆದಿದ್ದೆ. ಅಯ್ಯೋ ದೇವರೇ, ನನ್ನ ಕೈಗೆ ಅವತ್ತೇ ಲಕ್ವ ಹೊಡೆಯಬಾರದಿತ್ತೇ!

"ಇದ್ದದ್ದಾದರೂ ಕೊಡು," ಎಂದೆ.

ಕೊಡುವ ಹಾಗಿಲ್ಲ, ಬೇಕಾದವರು ಆ್ಯಪ್‌ನಲ್ಲಿ ಕೊಂಡುಕೊಳ್ಳಬೇಕು ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತಾ ನನ್ನ ಪಾಠವನ್ನು ನಾನೇ ಕೊಂಡೆ. ವಿದ್ಯಾರ್ಥಿಯ ಹೆಸರು ಕೇಳಿತು. ಲ್ಯಾನ್ಸಿ ಎಂದು ಬರೆದೆ.

ಮನೆಗೆ ಬಂದು ಲ್ಯಾಪ್‌ಟಾಪನ್ನು ಅದೇ ಮೇಜಿನ ಮೇಲೆ ಅದೇ ಜಾಗದಲ್ಲಿಟ್ಟು, ಅವನು ಮೊದಲ ಸಲ ಹಾಜರ್ ಕೂಗಿದ ದಿನದ ಪಾಠ ಹಾಕಿದೆ. ಅದರ ಮುಂದೆ ಕೂರಲು ಮನಸ್ಸಾಗಲಿಲ್ಲ. ಅಡುಗೆಮನೆಗೆ ಹೋಗಿ ಮೆಟ್ಟುಕತ್ತಿಯ ಹತ್ತಿರ ಅವನು ಕೂರುತ್ತಿದ್ದ ಕಡೆ ಕೂತೆ. ನನ್ನ ಸ್ವರ ಸ್ವಚ್ಛವಾಗಿ ಕೇಳಿಬಂತು. ಒಂದರಿಂದ ಹತ್ತರವರೆಗೆ ಕರೆದೆ. ಹನ್ನೊಂದು, ಶಾಹುಲ್. ಶಾಹುಲ್. ಶಾಹುಲ್ ಇದ್ದಾನಾ?

ಆಮೇಲೆ ನಿಶ್ಶಬ್ದ. ಒಂದು ಸದ್ದಿಲ್ಲ.

ಇಲ್ಲಿ ಬರಬೇಕಾದದ್ದು ನನಗೆ ಗೊತ್ತಿತ್ತು. ಇದ್ದಷ್ಟು ಜೋರಾಗಿ ಕೂಗಿದೆ:

"ಹಾಜರ್ ಟೀಚರ್!"

ಮೇಜಿನ ಕಡೆಯಿಂದ ಕೂಡಲೇ ಗದರಿಕೆ ಬಂತು, "ವೊಗೊ ರಾವ್!"

ಎಷ್ಟು ಒರಟಾಗಿ ಹೇಳಿದ್ದೆ ನಾನು. ಸುಮ್ಮನಾದೆ.