ತಿರ್ಲಾಪುರದ ಪ್ರೇಮಲತಾ

ನನ್ನ ಮೈದುನ ಮಡಿವಾಳೆಪ್ಪ ನಮ್ಮೂರು ಶಲವಡಿಯ ಸಿನೆಮಾ ಅಭಿಮಾನಿ ಸಂಘದ ಅಧ್ಯಕ್ಷನಾದ ಮೇಲೆ ಹೊಲದ ಕಡೆ ಮುಖ ಹಾಕುವುದನ್ನೇ ಬಿಟ್ಟ. ಸಂಘದ ಘನಕಾರ್ಯವೆಂದರೆ ರೇಡಿಯೋಕ್ಕೆ ಕಾರ್ಡು ಹಾಕಿ ತಮ್ಮ ನಾಯಕನ ಹಾಡು ಕೋರುವುದು, ಆಮೇಲೆ ಹೆಸರು ಓದುತ್ತಾರೋ ಇಲ್ಲವೋ ಎಂದು ಕಿವಿ ನಿಮಿರಿಸಿ ಕೂಡುವುದು. ಅಪ್ಪ ಇಟ್ಟ ಹೆಸರು ಇವನಿಗೆ ಸಾಲಲಿಲ್ಲ. ‘ಪ್ರೇಮಕುಮಾರ’ನಾದ.

ತಿರ್ಲಾಪುರದ ಸಂಘದಿಂದ ‘ಪ್ರೇಮಲತಾ’ ಎಂಬವಳು ಉತ್ತರ ಕೊಡತೊಡಗಿದಳು. ಇವನು ವಿರಹದ ಹಾಡು ಕೋರಿದರೆ ಅವಳು ಸಮಾಧಾನದ ಹಾಡು ಕೋರುವಳು. ಇವನು ಮುನಿಸಿಕೊಂಡರೆ ಅವಳು ಓಲೈಸುವಳು. ಮುಖ ನೋಡಿಲ್ಲ, ದನಿ ಕೇಳಿಲ್ಲ, ಆದರೂ ಇಬ್ಬರ ಸಂಸಾರ ಊರಿಗೆಲ್ಲ ಕೇಳುವಂತೆ ರೇಡಿಯೋದಲ್ಲಿ ನಡೆದಿತ್ತು!

ಇತ್ತ ನನ್ನ ತಂಗಿ ನೀಲಕ್ಕನನ್ನು ಇವನಿಗೆ ತರುವುದೆಂದು ಎರಡೂ ಮನೆಯವರು ಮಾತಾಡಿ ಆಗಿತ್ತು. ನಿಶ್ಚಯದ ಹೊತ್ತಿಗೆ ಈ ಮಹಾಶಯ ಅತ್ತಿಗೆಯಾದ ನನ್ನ ಮುಂದೆ ಬಂದು ಅಡ್ಡ ನಿಂತ.

“ವೈನಿ, ನೀಲಕ್ಕಗ ನನ್ನ ಮನಸ್ಸು ತಿಳಿಯೂದಿಲ್ರಿ. ಪ್ರೇಮಲತಾಗ ತಿಳಿತೈತಿ.”

ನನ್ನ ಮೈಯೆಲ್ಲ ಉರಿಯಿತು. “ಹಂಗಾರ ಕರಕೊಂಡ ಬಾ ಹೋಗು. ನಾನ ಆರತಿ ಮಾಡ್ತೀನಿ,” ಎಂದೆ.

ಹೋದ. ಇಸ್ತ್ರಿ ಅಂಗಿ, ಮುಖದ ತುಂಬ ಪೌಡರು. ತಿರ್ಲಾಪುರದಲ್ಲಿ ಸಂಘದ ಮನೆ ಕೇಳಿ ಬಾಗಿಲು ಬಡಿದರೆ ಹುರಿಮೀಸೆಯ ಹನಮಂತಪ್ಪ ಹೊರಗೆ ಬಂದ. ಹರೆಯದಲ್ಲಿ ಊರ ನಾಟಕಗಳಲ್ಲಿ ಹೆಣ್ಣುಪಾರ್ಟು ಮಾಡಿದವನು, ಈಗ ಮಕ್ಕಳುಮರಿಯ ಸಂಸಾರಸ್ಥ.

“ಪ್ರೇಮಲತಾ ಅಂದ್ರ ನಾನೋ ತಮ್ಮಾ. ಹುಡುಗೀರು ಸಂಘಕ್ಕ ಬರೂದಿಲ್ಲ, ಅದಕ್ಕ ಹೆಣ್ಣಿನ ಪಾರ್ಟು ನಾನ ಹಿಡದೆ. ನೀನೂ ಅಗದಿ ಛಲೋ ಪಾರ್ಟು ಮಾಡ್ತಿದ್ದಿ ನೋಡು! ಬಾ, ಚಾ ಕುಡಿ.”

ಇದನ್ನು ಮೈದುನ ಬಾಯಿ ಬಿಟ್ಟು ಹೇಳಲಿಲ್ಲ. ಹನಮಂತಪ್ಪನೇ ಅಣ್ಣಿಗೇರಿ ಸಂತೆಯಲ್ಲಿ ನನ್ನ ಗಂಡನ ಮುಂದೆ ನಗುನಗುತ್ತ ಹೇಳಿದ.

ಪ್ರೇಮಕುಮಾರ ಕೆಲವು ದಿನ ಮುಸುಕು ಹೊದ್ದು ಮಲಗಿದ. ಆಮೇಲೆ ಎದ್ದು, “ನೀಲಕ್ಕಗ ಹೇಳ್ರಿ ವೈನಿ, ನಾ ಒಪ್ಪೇನಿ,” ಎಂದ. ದೊಡ್ಡ ಉಪಕಾರ ಮಾಡುವವನ ಧಾಟಿ!

ಅತ್ತೆಗೆ ಸಂತೋಷವಾಯಿತು. ಸುಳ್ಳೇಕೆ, ತಂಗಿ ನನ್ನ ಮನೆಗೇ ಬರುತ್ತಾಳೆಂದು ನನಗೂ ಆಸೆಯಾಯಿತು. ಕುಬಿಹಾಳದ ತವರಿಗೆ ಹೋಗಿ ಕೇಳಿದೆ. ಜೋಳ ಹಸನು ಮಾಡುತ್ತಿದ್ದ ನೀಲಕ್ಕ ಮೊರ ಕೆಳಗಿಡಲಿಲ್ಲ.

“ಅವಗ ಹೇಂತಿ ಬೇಕಾಗಿಲ್ಲಕ್ಕಾ. ತಾ ಅಂದಿದ್ದಕ್ಕೆಲ್ಲ ಹೂಂ ಅನ್ನಾಕ ಒಂದು ಹೆಣ್ಣಿನ ಹೆಸರು ಬೇಕಾಗೇತಿ. ಅದಕ್ಕ ನನ್ನ ಹೆಸರು ಕೊಡೂದಿಲ್ಲ.”

ಮರಳಿ ಬಂದು ಒಂದಕ್ಷರ ಬಿಡದೆ ಅವನಿಗೆ ಹೇಳಿದೆ. ತಲೆ ತಗ್ಗಿಸಿ ಕೇಳಿದ. ಇನ್ನಾದರೂ ನಾಚುತ್ತಾನೆ ಎಂದುಕೊಂಡೆ.

“ಛಲೋ ಡೈಲಾಗ ಐತ್ರಿ ವೈನಿ,” ಎಂದ.