ಎಡಗಡೆ ಒರೆಸಬೇಡಿ

ಹೊಸ ಬೋರ್ಡ್ ಬರುವ ಮುಂಚೆ ಆ ಗೋಡೆಯ ಮೇಲೆ ಒಂದು ಕರಿಹಲಗೆ ಇತ್ತು. ಲಿಫ್ಟ್ ರಿಪೇರಿ ಮಾಡುವ ಕಂಪನಿಯ ಒಂದು ಚಿಕ್ಕ ಶಾಖೆ ನಮ್ಮದು. ಏಳು ಜನ ಮೆಕ್ಯಾನಿಕ್‌ಗಳು, ಒಬ್ಬರು ಸಾಹೇಬರು, ಫೋನಿನ ಮುಂದೆ ಕೂರುವ ನಾನು. ಹಲಗೆಯ ಎಡಗಡೆ ಗೇಣಗಲ ಜಾಗ ಬಿಟ್ಟು ಹಿಂದಿನವರು ಯಾರೋ ಕೆಂಪು ಗೆರೆ ಎಳೆದು, ಅದರ ತಲೆಯ ಮೇಲೆ 'ಎಡಗಡೆ ಒರೆಸಬೇಡಿ' ಎಂದು ಬರೆದಿದ್ದರು. ಯಾವುದಾದರೂ ಲಿಫ್ಟ್ ಅಪಾಯ ಎನಿಸಿದರೆ ಮೆಕ್ಯಾನಿಕ್ ಬಂದು ಅದರ ನಂಬರನ್ನು ಆ ಪಟ್ಟಿಯಲ್ಲಿ ಬರೆಯುತ್ತಿದ್ದ. ಬರೆದ ಕೂಡಲೇ ನಾನು ಆ ಕಟ್ಟಡದ ಕಾವಲುಗಾರನಿಗೆ ಫೋನ್ ಮಾಡಿ, ಮೇನ್ ಸ್ವಿಚ್ ಇಳಿಸಿ ಮೆಷಿನ್ ರೂಮಿಗೆ ಬೀಗ ಹಾಕಿಸುತ್ತಿದ್ದೆ. ರಿಪೇರಿ ಮುಗಿದ ಮೇಲೆ ಬರೆದವನೇ ಬಂದು ತನ್ನ ಕೈಯಾರೆ ಒರೆಸಬೇಕು. ಬೇರೆ ಯಾರೂ ಮುಟ್ಟುವ ಹಾಗಿಲ್ಲ, ಸಾಹೇಬರೂ ಸೇರಿದ ಹಾಗೆ.

ಈ ನೌಕರಿಗೆ ನನ್ನನ್ನು ಸೇರಿಸಿದ್ದು ಭಾವ, ನನ್ನ ಅಕ್ಕನ ಗಂಡ. ಏಳು ಜನರಲ್ಲಿ ಅವರೇ ಹಿರಿಯರು. ಇಪ್ಪತ್ತಾರು ವರ್ಷ ಲಿಫ್ಟಿನ ತಳದ ಗುಂಡಿಗಳಲ್ಲಿ ಬಗ್ಗಿ ಬಗ್ಗಿ ಬೆನ್ನು ಸ್ವಲ್ಪ ಗೂನಾಗಿತ್ತು. ಮಾತು ಕಡಿಮೆ, ಕೆಲಸದಲ್ಲಿ ಮಾತ್ರ ಯಾರೂ ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಅವರಿಗೆ ಇದ್ದ ಜಂಬ ಅದೊಂದೇ. "ನಾನು ಬರೆದಿದ್ದು ನಾನು ಒರೆಸದೆ ಬಿಟ್ಟಿಲ್ಲ, ಒರೆಸಬಾರದ್ದನ್ನ ಒರೆಸಿಲ್ಲ," ಎಂದು ಅಕ್ಕನ ಮುಂದೆ ವರ್ಷಕ್ಕೆ ಒಂದು ಸಲವಾದರೂ ಹೇಳುತ್ತಿದ್ದರು. ಅಕ್ಕ "ಆಯ್ತು ಮಾರಾಯ್ರೆ, ಊಟ ಮಾಡಿ" ಎನ್ನುತ್ತಿದ್ದಳು.

ಹೋದ ವರ್ಷ ಹೆಡ್ ಆಫೀಸಿನಿಂದ ಗೋಡೆಯಗಲದ ಹೊಸ ಬೋರ್ಡ್ ಬಂತು. ಬೆರಳಿಟ್ಟರೆ ಬರೆಯುತ್ತದೆ, ಎಳೆದರೆ ಜರುಗುತ್ತದೆ, ಮೀಟಿಂಗಿಗೆ ಕೂತವರ ಫೋನಿನಿಂದ ಚೀಟಿಗಳು ಹಾರಿ ಬಂದು ಅದರ ಮೇಲೆ ಅಂಟಿಕೊಳ್ಳುತ್ತವೆ. ಜೊತೆಗೆ ನಲವತ್ತು ಟೆಂಪ್ಲೇಟುಗಳು. ಮೀಟಿಂಗ್ ಶುರು ಮಾಡುವುದಕ್ಕೆ ಒಂದು, ಎಲ್ಲರಿಂದ ಮಾತು ಹೊರಡಿಸುವುದಕ್ಕೆ ಒಂದು, ಓಟು ಹಾಕಿಸುವುದಕ್ಕೆ ಇನ್ನೊಂದು. ಕರಿಹಲಗೆಯನ್ನು ಇಬ್ಬರು ಎತ್ತಿಕೊಂಡು ಹೋಗಿ ಪೊರಕೆ, ಬಕೆಟ್ಟು ಇಡುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದರು. ಬೋರ್ಡಿನ ಹಿಂದೆಯೇ ಒಂದು ಪತ್ರವೂ ಬಂತು. ಮೂರು ಶಾಖೆಗಳಿಗೆ ಇನ್ನು ಮುಂದೆ ನನ್ನಂಥವರು ಒಬ್ಬರೇ ಸಾಕಂತೆ. ಯಾರು ಸೋಮವಾರದ ಮೀಟಿಂಗನ್ನು ಈ ಬೋರ್ಡಿನಲ್ಲಿ ಚೆನ್ನಾಗಿ, ಎಲ್ಲರೂ ಆಸಕ್ತಿಯಿಂದ ಭಾಗವಹಿಸುವ ಹಾಗೆ ನಡೆಸುತ್ತಾರೋ ಅವರು ಉಳಿಯುತ್ತಾರೆ, ಉಳಿದಿಬ್ಬರು ಮನೆಗೆ.

ನನಗೆ ಮೈಯೆಲ್ಲ ಉರಿಯಿತು. ಐವತ್ತೊಂದನೆಯ ವಯಸ್ಸಿನಲ್ಲಿ ಆಟ ಆಡಿಸುವ ಟೀಚರಮ್ಮ ಆಗಬೇಕೇ? ಆದರೂ ಕಲಿತೆ. ಹೊಟ್ಟೆಪಾಡು ಎಂದರೆ ಬೆರಳು ತಾನಾಗಿ ಆಡುತ್ತದೆ. ಒಂದೇ ತಿಂಗಳಲ್ಲಿ ಚೀಟಿ ಎಳೆಯುವುದು, ಗುಂಪು ಮಾಡುವುದು, ಗಡಿಯಾರ ಓಡಿಸುವುದು ಎಲ್ಲ ಬಂತು. ಒಳಗೊಳಗೇ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಪರೀಕ್ಷೆಯ ಸೋಮವಾರ ಹೆಡ್ ಆಫೀಸಿನಿಂದ ತರಬೇತಿಯ ಮೇಡಂ ಬಂದರು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬೇಕು. ಒಳ್ಳೆಯ ಹುಡುಗಿ, ಬಂದವಳೇ ಎಲ್ಲರಿಗೂ ಕೈಮುಗಿದು ಹಿಂದಿನ ಕುರ್ಚಿಯಲ್ಲಿ ನೋಟ್‌ಬುಕ್ ಹಿಡಿದು ಕೂತಳು. ನಾನು ಮೊದಲಿಗೆ 'ಇವತ್ತು ನಿಮ್ಮ ಮನಸ್ಸಿನ ಹವಾಮಾನ' ಎಂಬ ಟೆಂಪ್ಲೇಟ್ ತೆರೆದೆ. ಬಿಸಿಲು, ಮೋಡ, ಮಳೆ, ಮೂರರಲ್ಲಿ ಒಂದನ್ನು ಆರಿಸಬೇಕು. ಬಾಯಿ ಮುಚ್ಚದ ಒಬ್ಬ ಮೆಕ್ಯಾನಿಕ್‌ಗೆ ನಾವೆಲ್ಲ ರೇಡಿಯೊ ಎಂದು ಹೆಸರಿಟ್ಟಿದ್ದೆವು.

"ಗುಂಡೀಲಿ ಮೊಣಕಾಲುದ್ದ ನೀರು ನಿಂತಿದೆ ಅಕ್ಕಾ, ಆದ್ರೂ ಮನಸ್ಸಲ್ಲಿ ಬಿಸಿಲು ಅಂತ ಹಾಕೊಳ್ಳಿ," ಎಂದ ಅವನು. ಎಲ್ಲರೂ ನಕ್ಕರು, ಮೇಡಂ ಏನೋ ಬರೆದುಕೊಂಡಳು.

ಆಮೇಲೆ ಮುಖ್ಯವಾದದ್ದು. ಮೂರು ಕಾಲಮ್ಮಿನ ಟೆಂಪ್ಲೇಟ್. ಬಲಗಡೆ 'ಮುಂದುವರಿಸೋಣ', ಮಧ್ಯದಲ್ಲಿ 'ಶುರು ಮಾಡೋಣ', ಎಡಗಡೆ ಕೆಂಪು ಬಣ್ಣದಲ್ಲಿ 'ನಿಲ್ಲಿಸೋಣ'. ನಾವು ಬಿಡಬೇಕಾದ ಕೆಟ್ಟ ಅಭ್ಯಾಸಗಳನ್ನು ಅಲ್ಲಿ ಬರೆಯಬೇಕು ಎಂದು ನಾನು ಬಿಡಿಸಿ ಹೇಳಿದೆ. ಐದು ನಿಮಿಷದ ಗಡಿಯಾರ ಬಿಟ್ಟೆ, ಸಣ್ಣಗೆ ಸಂಗೀತ ಬಂತು, ಎಲ್ಲರೂ ಫೋನಿಗೆ ಬಾಗಿದರು.

ಭಾವ ಕನ್ನಡಕ ಹಣೆಗೇರಿಸಿ, ಫೋನನ್ನು ಮಾರು ದೂರ ಹಿಡಿದು, ಒಂದೇ ಬೆರಳಿನಲ್ಲಿ ಒತ್ತುತ್ತಿದ್ದರು. ಅವರು ಚೀಟಿ ಬರೆಯುತ್ತಿದ್ದುದು ಅದೇ ಮೊದಲು. ಸಂಗೀತ ಮುಗಿಯುವುದಕ್ಕೆ ಬಂದಾಗ ತಲೆಯೆತ್ತಿದರು.

"ಇದ್ರಲ್ಲಿ ಗುಡಿಸು ಎಲ್ಲಿದೆಯಮ್ಮ?"

ನಾನು ಬಾಯಿ ತೆರೆಯುವ ಮೊದಲೇ ರೇಡಿಯೊ ಬಾಯಿ ಹಾಕಿದ. "ಗುಡಿಸೋಕೆ ಪೊರಕೆ ಕೋಣೇಲಿದೆ, ಯಜಮಾನ್ರೇ! ಇಲ್ಲಿ ಬರೀ ಒರೆಸೋದು!"

ನಕ್ಕು ನಕ್ಕು ಸಾಹೇಬರ ಕಣ್ಣಲ್ಲಿ ನೀರು ಬಂತು. ನಾನೂ ನಕ್ಕೆ. ಭಾವ ಮುಜುಗರದಿಂದ ಸಿಕ್ಕಿದ್ದನ್ನು ಒತ್ತಿ ಕಳಿಸಿಬಿಟ್ಟರು. ಎಡಗಡೆಯ ಕೆಂಪು ಕಾಲಮ್ಮಿನಲ್ಲಿ ಒಂದು ಹಳದಿ ಚೀಟಿ ಬಂದು ಕೂತಿತು: '42 ನಲಸ'.

ಗುಡಿಸೂ ಇಲ್ಲ, ಒತ್ತೂ ಇಲ್ಲ. ಆದರೆ ಎಡಗಡೆ ಇದೆ, ನಂಬರಿದೆ, ಬರೆದವರು ಭಾವ. ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ನಲವತ್ತೆರಡನೇ ಲಿಫ್ಟ್ ನಿಲ್ಲಿಸಿ ಎಂದು ಅರ್ಥ. ಆ ಕೋಣೆಯಲ್ಲಿ ಅದು ಅರ್ಥವಾಗದವಳು ಮೇಡಂ ಒಬ್ಬಳೇ. ಫೋನ್ ಕೈಗೆ ತೆಗೆದುಕೊಂಡು ಎದ್ದಿದ್ದರೆ ಎರಡು ನಿಮಿಷದ ಕೆಲಸ. ಆದರೆ ಗಡಿಯಾರ ಓಡುತ್ತಿತ್ತು, ಮೇಡಂ ಪೆನ್ನು ಹಿಡಿದಿದ್ದಳು, ಮೀಟಿಂಗ್ ಅಷ್ಟು ಚೆನ್ನಾಗಿ ನಡೆಯುತ್ತಿತ್ತು. ಮುಗಿದ ಮೇಲೆ ಫೋನ್ ಮಾಡೋಣ ಎಂದುಕೊಂಡೆ.

ಓಟಿನ ಸರದಿ ಬಂತು. ಒಬ್ಬೊಬ್ಬರಿಗೆ ಮೂರು ಚುಕ್ಕೆ, ಬೇಕಾದರೆ ಮೂರನ್ನೂ ಒಂದೇ ಚೀಟಿಗೆ ಹಾಕಬಹುದು. ರೇಡಿಯೊ ಬರೆದಿದ್ದ 'ಸಾಹೇಬರ ಬೆಳಗಿನ ಭಾಷಣ ನಿಲ್ಲಿಸೋಣ' ಎಂಬುದಕ್ಕೆ ಹನ್ನೊಂದು ಓಟು ಬಿತ್ತು, ಅದರಲ್ಲಿ ಒಂದು ಸಾಹೇಬರದೇ. ಭಾವನ ಚೀಟಿಗೆ ಒಂದೂ ಬೀಳಲಿಲ್ಲ. ಭಾವ ತಾವೂ ಹಾಕಿಕೊಂಡಿರಲಿಲ್ಲ. ಲಿಫ್ಟ್ ನಿಲ್ಲಿಸುವುದಕ್ಕೆ ಓಟು ಯಾಕೆ? ಎಡಗಡೆ ಬರೆದ ಮೇಲೆ ಆಯಿತು, ಇನ್ನುಳಿದದ್ದು ಫೋನಿನವಳ ಕೆಲಸ. ಉಳಿದ ಆರು ಜನರೂ ಹಾಗೇ ಅಂದುಕೊಂಡಿದ್ದರು, ಆಮೇಲೆ ಒಬ್ಬೊಬ್ಬರನ್ನೂ ಕೇಳಿ ತಿಳಿದುಕೊಂಡೆ.

ಓಟು ಬೀಳದ ಚೀಟಿಗಳನ್ನು ಕೆಳಗಿನ ಮೂಲೆಯ 'ಪಾರ್ಕಿಂಗ್' ಎಂಬ ಚೌಕಕ್ಕೆ ಎಳೆಯಬೇಕು. ಸಮಯ ಸಿಕ್ಕಾಗ ನೋಡುವ ವಿಷಯಗಳ ಜಾಗ ಅದು. '42 ನಲಸ' ಚೀಟಿಯ ಮೇಲೆ ಬೆರಳಿಟ್ಟು ನಾನೇ ಎಳೆದೆ. ಇದೇ ಬೆರಳು.

ಮೀಟಿಂಗ್ ಮುಗಿದಾಗ ಮೇಡಂ ಚಪ್ಪಾಳೆ ತಟ್ಟಿದಳು. "ಇಷ್ಟು ಲವಲವಿಕೆ ಬೇರೆಲ್ಲೂ ನೋಡಿಲ್ಲ. ಒಬ್ಬರೂ ಸುಮ್ನೆ ಕೂತಿರ್ಲಿಲ್ಲ!" ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಫೋಟೊ ತೆಗೆದಳು. ಹೆಡ್ ಆಫೀಸಿನವರ ಜೊತೆ ವಿಡಿಯೊದಲ್ಲಿ ಮಾತಾಡಿಸಿದಳು. ನನ್ನ ಜಾಗ ಗಟ್ಟಿ ಎಂದು ಅವರು ಅಲ್ಲೇ ಬಾಯಿಬಿಟ್ಟು ಹೇಳಿದರು. ಬೋರ್ಡನ್ನು ಸೇವ್ ಮಾಡಿ ಆರಿಸಿದೆವು. ಕರಿಹಲಗೆಯಾಗಿದ್ದರೆ ಆ ನಂಬರು ದಿನವಿಡೀ ಕಣ್ಣೆದುರಿಗೆ ಇರುತ್ತಿತ್ತು. ಇದು ಆರಿದರೆ ಬರೀ ಕಪ್ಪು ಗಾಜು, ಅದರಲ್ಲಿ ನನ್ನದೇ ನಗುಮುಖ ಕಾಣುತ್ತಿತ್ತು. ನಾನು ಮರೆತೆ. ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. ಖುಷಿಯಲ್ಲಿ ಮರೆತೆ.

ನಲವತ್ತೆರಡು ಒಂದು ಆರಂತಸ್ತಿನ ಮನೆಗಳ ಕಟ್ಟಡದ ಲಿಫ್ಟು. ಅದರ ತಳದ ಗುಂಡಿಯಲ್ಲಿ, ಕೆಳಗಿಳಿದವನು ಲಿಫ್ಟನ್ನು ತಡೆಯಲು ಒಂದು ಸ್ವಿಚ್ ಇರುತ್ತದೆ. ಆ ಸ್ವಿಚ್ಚೇ ಕೆಟ್ಟಿತ್ತು. ಅದಕ್ಕೇ ಭಾವ ನಿಲ್ಲಿಸಲು ಬರೆದಿದ್ದರು. ಬುಧವಾರ ಹೊಸ ಸ್ವಿಚ್ ಹಿಡಿದುಕೊಂಡು ಹೋದರು. ಬಾಗಿಲಲ್ಲಿ ಕಾವಲುಗಾರ ಇರಲಿಲ್ಲ. ಲಿಫ್ಟು ಮೂರನೇ ಮಹಡಿಯಲ್ಲಿ ಅಲ್ಲಾಡದೆ ನಿಂತಿತ್ತು. ಎಡಗಡೆ ಬರೆದು ಎರಡು ದಿನವಾಗಿದೆ, ಮೇನ್ ಇಳಿಸಿಯೇ ಇರುತ್ತದೆ. ಇಪ್ಪತ್ತಾರು ವರ್ಷದಲ್ಲಿ ಆ ನಂಬಿಕೆ ಒಂದು ಸಲವೂ ಕೈಕೊಟ್ಟಿರಲಿಲ್ಲ. ಬಾಗಿಲು ಸರಿಸಿ ಗುಂಡಿಗೆ ಇಳಿದರು. ಮೂರನೇ ಮಹಡಿಯಲ್ಲಿ ಒಬ್ಬ ಹೆಂಗಸು ಬಟ್ಟೆಯ ಬುಟ್ಟಿ ಹಿಡಿದು ಲಿಫ್ಟಿನೊಳಗೆ ಬಂದು ಕೆಳಗಿಳಿಯುವ ಬಟನ್ ಒತ್ತಿದಳು. ಕೆಳಗಿನ ಬಾಗಿಲು ತೆರೆದೇ ಇದ್ದಿದ್ದರೆ ಲಿಫ್ಟು ಕದಲುತ್ತಿರಲಿಲ್ಲ, ಆದರೆ ಅದು ಮುಚ್ಚಿತ್ತು. ಮಕ್ಕಳು ಬಿದ್ದಾರು ಎಂದು ಭಾವ ಒಳಗಿನಿಂದ ಎಳೆದುಕೊಂಡಿದ್ದರು.

ಪ್ರಾಣ ಉಳಿಯಿತು. ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ.

ತನಿಖೆಗೆ ಇಬ್ಬರು ಬಂದರು. ಬೋರ್ಡಿನ ದಾಖಲೆ ತೆಗೆದು ನೋಡಿದರು. 'ನಲಸ' ಎಂದರೇನು ಎಂದು, ಮೀಟಿಂಗ್ ನಡೆಸಿದವಳೆಂದು, ಆಫೀಸಿನಲ್ಲಿ ನನ್ನೊಬ್ಬಳನ್ನೇ ಕೇಳಿದರು. "ಗೊತ್ತಿಲ್ಲ ಸರ್," ಎಂದೆ. ಹಾಗೆನ್ನಬೇಕು ಎಂದು ಮುಂಚೆಯೇ ಲೆಕ್ಕ ಹಾಕಿರಲಿಲ್ಲ, ಬಾಯಿಗೆ ಅದೇ ಬಂತು. ಬಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಭಾವನನ್ನು ಕೇಳಿದಾಗ ಅವರು, "ನಂಗೆ ಫೋನಲ್ಲಿ ಬರೆಯೋಕೆ ಬರಲ್ಲ ಸರ್, ತಪ್ಪಾಗಿ ಒತ್ತಿದೀನಿ," ಎಂದರಂತೆ. ವರದಿಯಲ್ಲಿ 'ಮಾಹಿತಿ ನಮೂದಿಸುವಲ್ಲಿ ಸಿಬ್ಬಂದಿಯ ಲೋಪ' ಎಂದು ಒಂದು ಸಾಲು ಬಂತು. ಹಲಗೆಯ ಮೇಲೆ ತಪ್ಪು ಬರೆಯದ ಮನುಷ್ಯನ ಹೆಸರಿನ ಮುಂದೆ ಆ ಸಾಲು ಸೇರಿಕೊಂಡಿತು.

ಎರಡು ತಿಂಗಳಾದ ಮೇಲೆ ಹೆಡ್ ಆಫೀಸಿನಿಂದ ನಲವತ್ತೊಂದನೆಯ ಟೆಂಪ್ಲೇಟ್ ಬಂತು. ನಮ್ಮ ಸೋಮವಾರದ ಬೋರ್ಡನ್ನೇ ಮಾದರಿ ಮಾಡಿ ಎಲ್ಲ ಶಾಖೆಗಳಿಗೂ ಕಳಿಸಿದ್ದರು. ಮೇಲೆ ನನ್ನ ಫೋಟೊ. ನಮ್ಮ ಚೀಟಿಗಳನ್ನೆಲ್ಲ ತೆಗೆದು 'ಇಲ್ಲಿ ಬರೆಯಿರಿ' ಎಂದು ಹಾಕಿದ್ದರು. ಪಾರ್ಕಿಂಗ್ ಮೂಲೆಯಲ್ಲಿ ಒಂದು ಮಾತ್ರ ಹಾಗೇ ಇತ್ತು. ಅರ್ಥವಿಲ್ಲದ ಅಕ್ಷರ, ಮಾದರಿಗೆ ಇರಲಿ ಎಂದು ಬಿಟ್ಟಿರಬೇಕು. '42 ನಲಸ', ಮಾಸಲು ಬಣ್ಣದಲ್ಲಿ. ಕೆಳಗೆ ಒಂದು ಸೂಚನೆ: ಮಾದರಿ ಚೀಟಿ ಅಳಿಸಿ ಮೀಟಿಂಗ್ ಶುರು ಮಾಡಿ.

ಆರು ಜನ ಮೆಕ್ಯಾನಿಕ್‌ಗಳು ಬೋರ್ಡನ್ನೇ ನೋಡುತ್ತಿದ್ದರು. ರೇಡಿಯೊ ಈಗೀಗ ಮಾತಾಡುವುದು ಕಡಿಮೆ.

"ಅದನ್ನ ಬಿಡಿ ಅಕ್ಕಾ," ಎಂದ ಅವನು. "ಬರೆದವ್ರೇ ಒರೆಸ್ಬೇಕು."

"ಅಳಿಸದೆ ಶುರುವಾಗಲ್ವಂತೆ ಕಣೋ," ಎಂದೆ.

ಸಾಹೇಬರು ಕೈಗಡಿಯಾರ ನೋಡಿದರು. ನಾನು ಅಳಿಸಿದೆ. ಮುಂದಿನ ಸೋಮವಾರ ತೆರೆದರೆ ಮತ್ತೆ ಬಂದು ಕೂತಿತ್ತು, ಟೆಂಪ್ಲೇಟಿನಲ್ಲೇ ಇದೆಯಲ್ಲ. ಅಂದಿನಿಂದ ಪ್ರತಿ ಸೋಮವಾರ ಬರುತ್ತದೆ, ಪ್ರತಿ ಸೋಮವಾರ ಅಳಿಸುತ್ತೇನೆ. ಇಷ್ಟು ಹೊತ್ತಿಗೆ ಬೇರೆ ಶಾಖೆಗಳಲ್ಲೂ ಯಾರು ಯಾರೋ ಅಳಿಸುತ್ತಿರುತ್ತಾರೆ.

ಹೋದ ಭಾನುವಾರ ತಡೆಯಲಾಗಲಿಲ್ಲ. ಏನಾದರಾಗಲಿ, ಭಾವನಿಗೆ ಎಲ್ಲ ಹೇಳಿಬಿಡೋಣ ಎಂದು ಅಕ್ಕನ ಮನೆಗೆ ಹೋದೆ. ನೀವು ಬರೆದದ್ದು ನನಗೆ ಅರ್ಥವಾಗಿತ್ತು, ನಾನೇ ಮೂಲೆಗೆ ಎಳೆದೆ, ತಪ್ಪು ನನ್ನದು. ಮೂರೇ ಮಾತು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡೆ.

ಬಾಗಿಲು ತೆರೆದ ಅಕ್ಕ ನನ್ನ ಕೈ ಹಿಡಿದುಕೊಂಡಳು. ಅವಳ ತೋಳು ಸಣ್ಣಗಾಗಿತ್ತು. "ಬಾ. ನಿನ್ನ ಕೆಲಸ ಆದ್ರೂ ಉಳೀತಲ್ಲ, ನಮ್ಮ ಪುಣ್ಯ," ಎಂದಳು. ಚುಚ್ಚಿ ಹೇಳಿದ್ದಲ್ಲ, ಮನಸ್ಸಿನಿಂದಲೇ ಹೇಳಿದ್ದು. ಚುಚ್ಚಿದ್ದರೆ ತಡೆದುಕೊಳ್ಳಬಹುದಿತ್ತು.

ಭಾವ ಕಿಟಕಿ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಕಾಲಿನ ಮೇಲೆ ಹೊದಿಕೆ. ಕನ್ನಡಕ ಹಣೆಯ ಮೇಲೆ. ಕೈಯಲ್ಲಿ ಫೋನು.

"ಬಂದ್ಯಾ? ಕೂತ್ಕೋ. ನಿಂಗೊಂದು ತೋರಿಸ್ಬೇಕು ಅಂತಿದ್ದೆ," ಎಂದರು.

"ಭಾವ, ನಾನೊಂದು ವಿಷಯ..."

"ಇರು, ಮೊದ್ಲು ಇದನ್ನ ನೋಡು." ಮುಖದಲ್ಲಿ ತಿಂಗಳುಗಳಿಂದ ಕಾಣದ ಗೆಲುವು ಇತ್ತು. "ಒಂದು ವಾರದಿಂದ ಹಿಡಿದು ಕೂತಿದೀನಿ. ಅಕ್ಷರ ಒತ್ತಿದ್ಮೇಲೆ ಗುಡಿಸು ಪಕ್ಕದಲ್ಲೇ ಬರುತ್ತೆ ಕಣಮ್ಮ, ನಾನು ಅವತ್ತು ಮೇಲ್ಗಡೆ ಹುಡುಕ್ತಿದ್ದೆ. ಅಷ್ಟೇ ಆಗಿದ್ದು. ಗುಡಿಸು ಒಂದು ಬಿದ್ದಿದ್ರೆ ನಿಂಗೂ ಗೊತ್ತಾಗ್ತಿತ್ತು, ನೀನು ಫೋನ್ ಮಾಡ್ತಿದ್ದೆ. ಪಾಪ, ನಿನ್ನನ್ನೂ ತನಿಖೆಯವ್ರು ಕೂರಿಸ್ಕೊಂಡು ಕಾಡಿದ್ರಂತೆ."

ಒಂದೇ ಬೆರಳಿನಲ್ಲಿ, ನಿಧಾನವಾಗಿ, ಉಸಿರು ಬಿಗಿಹಿಡಿದು ಒತ್ತಿದರು. ಎರಡು ಸಲ ಅಳಿಸಿ ಮತ್ತೆ ಬರೆದರು. ಅಕ್ಕ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಮುಗಿದ ಮೇಲೆ ಫೋನನ್ನು ನನ್ನ ಕೈಗೆ ಕೊಟ್ಟರು.

'42 ನಿಲ್ಲಿಸಿ' ಎಂದಿತ್ತು. ಗುಡಿಸು, ಒತ್ತು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು.

"ಸರಿ ಇದ್ಯಾ?" ಎಂದು ಕೇಳಿದರು.

ನಾನು ಫೋನನ್ನು ಅವರ ಕೈಗೆ ವಾಪಸ್ ಕೊಟ್ಟೆ.

"ಸರಿ ಇದೆ ಭಾವ," ಎಂದೆ. "ಒಂದೂ ತಪ್ಪಿಲ್ಲ."